ಸ್ಕ್ಯಾನ್ ಆದ ಮೇಲೆ ಟ್ರಂಕನ್ನು ಗುಜರಿಗೆ ಹಾಕಬಹುದೇ?

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ಮೂಡಿಗೆರೆ ಸಮೀಪದ ನಮ್ಮ ತೋಟದ ಮನೆಯಲ್ಲಿ ಒಬ್ಬಳೇ ಇದ್ದೇನೆ. ಅಟ್ಟದ ಮೇಲೆ ತಂದೆಯವರ ಕಾಲದ ಎರಡು ಕಬ್ಬಿಣದ ಟ್ರಂಕುಗಳಿವೆ. ತೋಟದ ಚೆಕ್‌ರೋಲ್ (ಆಳುಗಳ ಹಾಜರಿ-ಕೂಲಿ) ಪುಸ್ತಕಗಳು, ಮಳೆ ಲೆಕ್ಕದ ಪುಸ್ತಕಗಳು, ಕಾಫಿ ಬೋರ್ಡಿನ ಪತ್ರಗಳು, ಜಮೀನಿನ ಕಾಗದಗಳು, ಫೋಟೊ ಆಲ್ಬಂಗಳು, ನೆಗೆಟಿವ್‌ಗಳು ಮತ್ತು ನನ್ನ ತಾಯಿ ಹಾಡಿದ ಸೋಬಾನೆ ಪದಗಳ ಕೆಲವು ಕ್ಯಾಸೆಟ್ಟುಗಳು ಅವುಗಳಲ್ಲಿವೆ. ಬೆಂಗಳೂರಿನಲ್ಲಿರುವ ಮಗ ಕಳೆದ ದಸರಾ ರಜೆಯಲ್ಲಿ ಬಂದಿದ್ದಾಗ ಕ್ಯಾಸೆಟ್ಟು, ನೆಗೆಟಿವ್‌ಗಳನ್ನು ಬಿಟ್ಟು ಉಳಿದದ್ದನ್ನೆಲ್ಲ ಫೋನಿನಲ್ಲೇ ಸ್ಕ್ಯಾನ್ ಮಾಡಿ ಎಲ್ಲರಿಗೂ ಲಿಂಕ್ ಕಳಿಸಿದ್ದಾನೆ. "ಪ್ರತಿ ಮಳೆಗಾಲಕ್ಕೂ ಬೂಷ್ಟು ಹಿಡಿಯುತ್ತದೆ, ಹೇಗಿದ್ದರೂ ಹಾಳಾಗುವುದೇ. ಎಲ್ಲ ಭದ್ರವಾಗಿದೆಯಲ್ಲ, ಇನ್ನು ಗುಜರಿಗೆ ಹಾಕಮ್ಮ" ಎನ್ನುತ್ತಾನೆ. ನನಗೆ ಮನಸ್ಸು ಬರುತ್ತಿಲ್ಲ. ವಿಚಿತ್ರವೆಂದರೆ, ಸ್ಕ್ಯಾನ್ ಆದ ಮೇಲೆ ನಾನು ಆಲ್ಬಂ ಒಮ್ಮೆಯೂ ತೆರೆದಿಲ್ಲ, ಫೋನಿನಲ್ಲಿರುವುದನ್ನೂ ನೋಡಿಲ್ಲ. ನನ್ನದು ಬರೀ ಹಠವೇ? ಇಟ್ಟುಕೊಳ್ಳುವುದಾದರೆ ಯಾವುದನ್ನು, ಹೇಗೆ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಹೆಣೆದುಕೊಂಡಿವೆ. ಪ್ರತಿ ತೆಗೆದ ಮೇಲೆ ಮೂಲ ವಸ್ತುವಿಗೆ ಇನ್ನೇನು ಕೆಲಸ ಎಂಬುದು ಒಂದು. ಪ್ರತಿ ಕೈಗೆ ಬಂದ ಕ್ಷಣದಿಂದ ಮೂಲದ ಮೇಲಿನ ಆಸ್ಥೆಯೇ ಏಕೆ ಕಡಿಮೆಯಾಯಿತು ಎಂಬುದು ಇನ್ನೊಂದು. ಹಳೆಯ ಕಾಗದ ಮತ್ತು ಛಾಯಾಚಿತ್ರಗಳ ಸಂರಕ್ಷಣೆಯ ಕೆಲಸವನ್ನು ಹಾಸನದಲ್ಲಿ ಮಾಡಿಕೊಂಡು ಬಂದಿರುವ ನನ್ನ ಬಳಿಗೆ ಮೊದಲೆಲ್ಲ ಜನ ಹರಿದ ಪುಟ ಅಂಟಿಸುವುದು ಹೇಗೆಂದು ಕೇಳಿಕೊಂಡು ಬರುತ್ತಿದ್ದರು. ಈಗ ಇಟ್ಟುಕೊಳ್ಳಬೇಕೇ ಬೇಡವೇ ಎಂದು ಕೇಳುವವರೇ ಹೆಚ್ಚು. ಸದ್ಯಕ್ಕೆ ಟ್ರಂಕನ್ನು ಗುಜರಿಗೆ ಕೊಡಬೇಡಿ. ಆದರೆ ಅದನ್ನು ಹಾಗೆಯೇ ಅಟ್ಟದ ಮೇಲೆ ಬಿಟ್ಟರೆ ಕಾಪಾಡಿದಂತಾಗುವುದಿಲ್ಲ ಎಂಬ ಮಟ್ಟಿಗೆ ನಿಮ್ಮ ಮಗನ ಮಾತಿನಲ್ಲಿ ಹುರುಳಿದೆ.

ಪ್ರತಿಯನ್ನು ಕೀಳಾಗಿ ಕಾಣುವವನು ನಾನಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಿ. ಎಲ್. ರೈಸ್ ಅವರು ಹೊರತಂದ ಎಪಿಗ್ರಾಫಿಯ ಕರ್ನಾಟಿಕ ಎಂಬ ಶಾಸನಗಳ ಸಂಗ್ರಹದ ಹಾಸನ ಮತ್ತು ಕಡೂರು ಸಂಪುಟಗಳಲ್ಲಿ ದಾಖಲಾದ ಕಲ್ಲುಗಳಲ್ಲಿ ಕೆಲವು ಇಂದು ಊರುಗಳಲ್ಲಿ ಕಾಣಸಿಗುವುದಿಲ್ಲ. ಅವುಗಳ ಪಾಠ ಉಳಿದಿರುವುದು ಆ ಪುಸ್ತಕಗಳಿಂದಲೇ. ಹಾಗೆಂದು ಪಾಠ ಉಳಿದರೆ ಕಲ್ಲು ಬೇಡವೆಂದೇನೂ ಆಗುವುದಿಲ್ಲ. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ 1936ರಲ್ಲಿ ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದ, ಸುಮಾರು ಕ್ರಿ.ಶ. 450ರದೆಂದು ಎಣಿಸಲಾಗುವ ಶಾಸನದ ಮೂಲ ಕಲ್ಲು ಮೈಸೂರು ಸೇರಿದೆ. ಊರಿನಲ್ಲಿ ಈಗ ನಿಂತಿರುವುದು ಅದರ ಪ್ರತಿಕೃತಿ. ಶಾಲೆಯ ಮಕ್ಕಳಿಗೆ ಆ ಹದಿನಾರು ಸಾಲುಗಳನ್ನು ತೋರಿಸುವುದಕ್ಕೆ ಪ್ರತಿಕೃತಿ ಧಾರಾಳವಾಗಿ ಸಾಕು. ಆದರೆ ಒಂದು ಅಕ್ಷರದ ಓದಿನ ಬಗ್ಗೆ ವಿದ್ವಾಂಸರಲ್ಲಿ ತಕರಾರು ಎದ್ದರೆ, ಅದು ಉಳಿಯ ಗೆರೆಯೋ ಕಲ್ಲು ಎದ್ದ ಗುರುತೋ ಎಂದು ತೀರ್ಮಾನಿಸಲು ಕಲ್ಲಿನ ಮುಂದೆಯೇ ನಿಲ್ಲಬೇಕು. ಪ್ರತಿ ತೆಗೆದವನಿಗೆ ಆ ಹೊತ್ತಿಗೆ ಮುಖ್ಯವೆನಿಸಿದ್ದಷ್ಟೇ ಪ್ರತಿಯಲ್ಲಿ ಇರುತ್ತದೆ. ಮುಂದೆ ಯಾರಿಗೆ ಯಾವ ಪ್ರಶ್ನೆ ಹುಟ್ಟುತ್ತದೆಂದು ಅವನಿಗೆ ಗೊತ್ತಿರುವುದಿಲ್ಲ.

ಇದು ದೊಡ್ಡ ಶಾಸನಗಳ ಮಾತಾಯಿತು ಎನ್ನಬೇಡಿ, ನಿಮ್ಮ ಚೆಕ್‌ರೋಲಿಗೂ ಸಲ್ಲುತ್ತದೆ. ಸಕಲೇಶಪುರದ ಕಡೆಯ ಒಂದು ತೋಟದ ಚೆಕ್‌ರೋಲನ್ನು ಅದರ ಫೋನ್ ಸ್ಕ್ಯಾನಿನ ಪಕ್ಕದಲ್ಲಿಟ್ಟು ನೋಡುವ ಸಂದರ್ಭ ನನಗೆ ಬಂದಿತ್ತು. ಸ್ಕ್ಯಾನಿನಲ್ಲಿ ಆಳುಗಳ ಹೆಸರು, ದಿನದ ಹಾಜರಿ, ಕೂಲಿಯ ಮೊತ್ತ ಎಲ್ಲವೂ ಅಚ್ಚು ಹಾಕಿದಂತೆ ಸ್ಪಷ್ಟವಾಗಿದ್ದವು. ಪುಸ್ತಕದಲ್ಲಿ ಮಾತ್ರ, ಹೆಸರುಗಳ ಎಡಕ್ಕೆ ಸೀಸದ ಕಡ್ಡಿಯಲ್ಲಿ ಹಾಕಿದ ತೀರಾ ತೆಳುವಾದ ಗುರುತುಗಳಿದ್ದವು: ಯಾರಿಗೆ ಮುಂಗಡ ಕೊಟ್ಟಿದೆ, ಯಾರದು ತೀರಿದೆ, ಯಾರು ಘಟ್ಟದ ಕೆಳಗಿನ ಊರಿಗೆ ಹೋಗಿ ಇನ್ನೂ ಬಂದಿಲ್ಲ ಎಂಬುದಕ್ಕೆ ತೋಟದ ಲೆಕ್ಕ ಬರೆಯುವ ರೈಟರು ಇಟ್ಟುಕೊಂಡ ಸ್ವಂತ ಲೆಕ್ಕ. ಫೋನಿನ ಸ್ಕ್ಯಾನ್ ಆ್ಯಪ್‌ಗಳು 'ಡಾಕ್ಯುಮೆಂಟ್' ಎಂಬ ಆಯ್ಕೆಯಲ್ಲಿ ಹಿನ್ನೆಲೆಯನ್ನು ಬೆಳ್ಳಗೆ ಮಾಡಿ ಅಕ್ಷರವನ್ನು ಕಪ್ಪಗೆ ಮಾಡುತ್ತವೆ. ನಡುವಿನ ಬೂದು ಬಣ್ಣವೆಲ್ಲ ಅವುಗಳ ಪಾಲಿಗೆ ಕೊಳೆ. ಹೀಗಾಗಿ ಪೆನ್ಸಿಲ್ ಬರಹ, ಮಾಸಿದ ಕಾರ್ಬನ್ ಪ್ರತಿ, ರಬ್ಬರ್ ಸ್ಟಾಂಪಿನ ತಿಳಿನೇರಳೆ ಮುದ್ರೆ ಇವೇ ಮೊದಲು ಮಾಯವಾಗುತ್ತವೆ. ನಿಮ್ಮ ಮಗ ಯಾವ ಆಯ್ಕೆಯಲ್ಲಿ ಸ್ಕ್ಯಾನ್ ಮಾಡಿದ್ದಾರೆಂದು ಕೇಳಿ. ಮಳೆ ಲೆಕ್ಕದ ಪುಸ್ತಕದ ಒಂದು ಪುಟವನ್ನು, ಸಾಧ್ಯವಾದರೆ ಕಾಫಿ ಹೂ ಅರಳಿಸುವ ಹೂಮಳೆ ಬಂದ ಮಾರ್ಚ್-ಏಪ್ರಿಲ್ ತಿಂಗಳಿನದನ್ನು, ತೆಗೆದು ಫೋನಿನೊಂದಿಗೆ ಸಾಲು ಸಾಲಾಗಿ ಹೋಲಿಸಿ ನೋಡಿ. ಇಂಚು-ಸೆಂಟುಗಳ (ಸೆಂಟು ಎಂದರೆ ಇಂಚಿನ ನೂರನೇ ಒಂದು ಭಾಗ) ಅಂಕಿಯ ಪಕ್ಕದಲ್ಲಿ ನಿಮ್ಮ ತಂದೆಯವರು ಏನಾದರೂ ಟಿಪ್ಪಣಿ ಹಾಕಿದ್ದರೆ ಅದು ಸ್ಕ್ಯಾನಿನಲ್ಲಿ ಬಂದಿದೆಯೇ ಎಂಬುದರಿಂದಲೇ ಬಹಳಷ್ಟು ತಿಳಿಯುತ್ತದೆ. ಆಲ್ಬಂಗಳಲ್ಲಿ ಇದೇ ಬಗೆಯ ನಷ್ಟ ಬೆನ್ನಿನ ಕಡೆ ಆಗುತ್ತದೆ. ಫೋಟೊದ ಹಿಂದೆ ಸ್ಟುಡಿಯೋದ ಮುದ್ರೆ, ಇಸವಿ, ಯಾರೋ ಬರೆದ ಹೆಸರು ಇರುವುದು ಸಾಮಾನ್ಯ. ಸ್ಕ್ಯಾನ್ ಮಾಡುವ ಅವಸರದಲ್ಲಿ ಅದನ್ನು ತಿರುಗಿಸಿ ನೋಡುವವರು ವಿರಳ.

"ಎಲ್ಲ ಭದ್ರವಾಗಿದೆ" ಎಂಬ ಮಾತನ್ನೂ ಸ್ವಲ್ಪ ಬಿಡಿಸಿ ನೋಡಬೇಕು. ಕಡತ ಇರುವುದು ಎಲ್ಲಿ, ಯಾರ ಖಾತೆಯಲ್ಲಿ, ಎಷ್ಟು ಪ್ರತಿ? ಗೂಗಲ್ ಫೋಟೋಸ್‌ನಲ್ಲಿ ಲೆಕ್ಕವಿಲ್ಲದಷ್ಟು ಚಿತ್ರಗಳನ್ನು ಉಚಿತವಾಗಿ ಇಡುವ ಸೌಲಭ್ಯ 2021ರ ಜೂನ್ 1ಕ್ಕೆ ಮುಗಿಯಿತು. ಈಗ ಉಚಿತವಾಗಿ ಸಿಗುವುದು ಇಮೇಲ್ ಮುಂತಾದ ಎಲ್ಲಕ್ಕೂ ಸೇರಿ 15 ಜಿಬಿ. ಎರಡು ವರ್ಷ ಬಳಸದೆ ಬಿಟ್ಟ ವೈಯಕ್ತಿಕ ಖಾತೆಯನ್ನು ಅದರೊಳಗಿನ ಸಮಸ್ತದೊಂದಿಗೆ ಅಳಿಸಬಹುದೆಂಬ ನಿಯಮವನ್ನು ಅದೇ ಕಂಪನಿ 2023ರಲ್ಲಿ ಪ್ರಕಟಿಸಿದೆ. ಇದರಲ್ಲಿ ಮೋಸವೇನೂ ಇಲ್ಲ, ಅದು ಅವರ ಷರತ್ತು. ಆದರೆ ಮನೆಯ ಹಿರಿಯರ ಹೆಸರಿನಲ್ಲಿ ಖಾತೆ ತೆರೆದು, ಅವರ ಕಾಲಾನಂತರ ಪಾಸ್‌ವರ್ಡ್ ಯಾರಿಗೂ ತಿಳಿಯದೆ ಪರದಾಡುವ ಕುಟುಂಬಗಳಿವೆ. ವಾಟ್ಸ್ಆ್ಯಪ್‌ನಲ್ಲಿ ಫೋಟೊವಾಗಿ ಕಳಿಸಿದ ಚಿತ್ರ ಕುಗ್ಗಿದ ಚಿತ್ರ, ಅದನ್ನು ಪ್ರತಿ ಎಂದು ಎಣಿಸಬೇಡಿ. ಬೀರುವಿನಲ್ಲಿ ವರ್ಷಗಟ್ಟಲೆ ಬಿದ್ದಿರುವ ಪೆನ್‌ಡ್ರೈವ್ ಒಂದು ದಿನ ತೆರೆದುಕೊಳ್ಳದೇ ಹೋಗಬಹುದು, ಹಾರ್ಡ್ ಡಿಸ್ಕ್ ಯಾವ ಮುನ್ಸೂಚನೆಯೂ ಇಲ್ಲದೆ ನಿಲ್ಲಬಹುದು. ಕಾಗದ ಹಾಳಾಗುವುದು ಹೀಗಲ್ಲ. ಅದು ಅಂಚಿನಿಂದ, ನಿಧಾನವಾಗಿ, ನೋಡುವವರಿಗೆ ಕಾಣುವಂತೆ ಹಾಳಾಗುತ್ತದೆ, ಅರ್ಧ ತಿಂದ ಪುಟವನ್ನೂ ಅರ್ಧ ಓದಬಹುದು. ನಮ್ಮ ವೃತ್ತಿಯಲ್ಲಿ ಪಾಲಿಸುವ ಕನಿಷ್ಠ ಕ್ರಮವೆಂದರೆ ಮೂರು ಪ್ರತಿ, ಎರಡು ಬಗೆಯ ಸಾಧನ, ಅವುಗಳಲ್ಲಿ ಒಂದು ಬೇರೆ ಊರಿನಲ್ಲಿ. ನಿಮ್ಮ ಮನೆಗೆ ಇದು ಕಷ್ಟವಲ್ಲ: ಮಗನ ಕ್ಲೌಡ್ ಖಾತೆ ಒಂದು, ಬೆಂಗಳೂರಿನಲ್ಲಿ ಒಂದು ಹಾರ್ಡ್ ಡಿಸ್ಕ್, ನಿಮ್ಮಲ್ಲಿ ಇನ್ನೊಂದು.

ಇನ್ನು ಮಲೆನಾಡಿನಲ್ಲಿ ಕಾಗದ ಹೇಗಿದ್ದರೂ ಉಳಿಯದು ಎಂಬ ನಂಬಿಕೆ. ನೂರು ವರ್ಷ ದಾಟಿದ ಲೆಕ್ಕದ ಪುಸ್ತಕಗಳು ಇದೇ ಮಳೆಯ ಸೀಮೆಯ ಮನೆಗಳಿಂದ ಗಟ್ಟಿಮುಟ್ಟಾಗಿ ನನ್ನ ಮೇಜಿಗೆ ಬರುತ್ತವೆ. ಅವುಗಳ ಪಕ್ಕದಲ್ಲೇ ಇದ್ದ ನಲವತ್ತು ವರ್ಷದ ಪತ್ರಿಕೆಯ ತುಣುಕು ಮುಟ್ಟಿದರೆ ಪುಡಿಯಾಗುತ್ತದೆ. ಹಳೆಯ ಲೆಡ್ಜರುಗಳಲ್ಲಿ ಅನೇಕವನ್ನು ಚಿಂದಿ ಬಟ್ಟೆಯ ನಾರಿನ ಕಾಗದದಲ್ಲಿ ಮಾಡುತ್ತಿದ್ದರು, ಪತ್ರಿಕೆಯದು ಮರದ ತಿರುಳು. ಎರಡನೆಯದು ತನ್ನೊಳಗಿನ ಆಮ್ಲದಿಂದಲೇ ಕಂದುತ್ತದೆ, ಅದಕ್ಕೆ ಮಳೆಯೇ ಬೇಕೆಂದಿಲ್ಲ. ಬೂಷ್ಟಿನ ವಿಷಯ ಬೇರೆ. ಗಾಳಿಯ ಸಾಪೇಕ್ಷ ತೇವಾಂಶ ಸುಮಾರು 65 ಶೇಕಡಾ ದಾಟಿ ದಿನಗಟ್ಟಲೆ ಹಾಗೆಯೇ ನಿಂತರೆ, ಅದರ ಜೊತೆಗೆ ಗಾಳಿಯಾಡದಿದ್ದರೆ ಬೂಷ್ಟು ಏಳುತ್ತದೆ. ಮೂಡಿಗೆರೆಯ ಆಷಾಢ-ಶ್ರಾವಣಗಳಲ್ಲಿ ಈ ಗಡಿ ವಾರಗಟ್ಟಲೆ ದಾಟಿಯೇ ಇರುತ್ತದೆ. ಹಂಚಿನಡಿಯ ಅಟ್ಟ ಹಗಲು ಕಾದು ರಾತ್ರಿ ತಣಿಯುವಾಗ ಮುಚ್ಚಿದ ಕಬ್ಬಿಣದ ಟ್ರಂಕಿನೊಳಗಿನ ತೇವ ಹೊರಹೋಗಲು ದಾರಿಯಿಲ್ಲದೆ ಪುಟಗಳಿಗೇ ಇಳಿಯುತ್ತದೆ. ಹಿಂದೆ ಓಲೆಗರಿಯ ಕಟ್ಟುಗಳನ್ನು ಅಡುಗೆಮನೆಯ ಅಟ್ಟದಲ್ಲಿ ಇಡುತ್ತಿದ್ದವರು ದಡ್ಡರಲ್ಲ. ಕೆಳಗೆ ಸೌದೆ ಒಲೆ ಉರಿಯುತ್ತಿದ್ದಾಗ ಆ ಅಟ್ಟ ಮನೆಯಲ್ಲೇ ಒಣಗಿದ ಜಾಗ, ಹೊಗೆಗೆ ಹುಳವೂ ಸುಳಿಯುತ್ತಿರಲಿಲ್ಲ. ಗ್ಯಾಸ್ ಬಂದ ಮೇಲೆ ಜಾಗ ಅದೇ ಇದ್ದರೂ ಗುಣ ಅದೇ ಉಳಿದಿಲ್ಲ.

ಆದ್ದರಿಂದ ಮೊದಲು ಟ್ರಂಕನ್ನು ಕೆಳಗಿಳಿಸಿ. ಹೊರಗೋಡೆಗೆ ಆನಿಸದೆ, ನೆಲದಿಂದ ಒಂದು ಗೇಣು ಮೇಲೆ, ಜನ ಓಡಾಡುವ ಕೋಣೆಯ ಮರದ ಬೀರುವಿನಲ್ಲಿ ಪುಸ್ತಕಗಳನ್ನು ಸಡಿಲವಾಗಿ ಇಟ್ಟರೆ ಅರ್ಧ ಸಮಸ್ಯೆ ನೀಗುತ್ತದೆ. ಬೂಷ್ಟು ಹಿಡಿದದ್ದನ್ನು ಒದ್ದೆ ಬಟ್ಟೆಯಿಂದ ಒರೆಸಬೇಡಿ, ಬಿರುಬಿಸಿಲಿಗೂ ಹರವಬೇಡಿ. ನೆರಳಿನಲ್ಲಿ ಗಾಳಿಗೆ ಪೂರ್ತಿ ಒಣಗಲು ಬಿಟ್ಟು, ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಮನೆಯ ಹೊರಗೆ ಮೃದುವಾದ ಬ್ರಷ್‌ನಿಂದ ಒಮ್ಮುಖವಾಗಿ ಸವರಿ ತೆಗೆಯಿರಿ. ನುಸಿಗುಳಿಗೆಯಿಂದ ಬೂಷ್ಟು ಹೋಗುವುದಿಲ್ಲ, ವಾಸನೆ ಮಾತ್ರ ಉಳಿಯುತ್ತದೆ. ಮುಖ್ಯವಾದ ಕಾಗದ ಎಂದು ಲ್ಯಾಮಿನೇಷನ್ ಮಾಡಿಸುವ ರೂಢಿ ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಗಳಲ್ಲಿ ವ್ಯಾಪಕವಾಗಿದೆ. ದಯವಿಟ್ಟು ಬೇಡ, ಬಿಸಿಗೆ ಕರಗಿ ಕಾಗದಕ್ಕೆ ಅಂಟಿದ ಪ್ಲಾಸ್ಟಿಕ್ಕನ್ನು ಮೂಲಕ್ಕೆ ಪೆಟ್ಟಾಗದಂತೆ ಬಿಡಿಸುವ ದಾರಿ ನಮ್ಮ ಬಳಿಯೂ ಇಲ್ಲವೆಂಬಷ್ಟು ಕಷ್ಟ. ಟ್ರಂಕಿನ ತಳದಲ್ಲಿ ಕಪ್ಪು ಬಟ್ಟೆಯನ್ನು ಮಡಚಿದಂತಹ ಕಡತವೇನಾದರೂ ಸಿಕ್ಕರೆ ಅದನ್ನು ಒರೆಸಲೇಬೇಡಿ. ಹುಣಸೆಬೀಜದ ಸರಿ ಮತ್ತು ಇದ್ದಿಲು ಬಳಿದ ಬಟ್ಟೆಯ ಮೇಲೆ ಬಳಪದಲ್ಲಿ ಬರೆದದ್ದು ಅದು. ಶೃಂಗೇರಿ ಮಠದ ಹಳೆಯ ಲೆಕ್ಕಪತ್ರಗಳು ಅಂತಹ ಕಡತಗಳಲ್ಲಿವೆ. ಬೆರಳು ಸವರಿದರೂ ಅಕ್ಷರ ಹೋಗುತ್ತದೆ.

ಈಗ ನೀವು ವಿಚಿತ್ರ ಎಂದ ಸಂಗತಿಗೆ ಬರುತ್ತೇನೆ. ಪತ್ರದಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಅದೇ. ಸ್ಕ್ಯಾನ್ ಆದ ಮೇಲೆ ಆಲ್ಬಂ ತೆರೆಯದಿರುವುದು ನಿಮ್ಮೊಬ್ಬರ ಅನುಭವವಲ್ಲ. ಅಮೆರಿಕದ ಮನೋವಿಜ್ಞಾನಿ ಲಿಂಡಾ ಹೆಂಕಲ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಸ್ತುಸಂಗ್ರಹಾಲಯ ಸುತ್ತಿದವರು ತಾವು ಫೋಟೊ ತೆಗೆದುಕೊಂಡ ವಸ್ತುಗಳನ್ನು, ಬರಿಗಣ್ಣಿನಲ್ಲಿ ನೋಡಿದ ವಸ್ತುಗಳಿಗಿಂತ ಕಡಿಮೆ ನೆನಪಿಟ್ಟುಕೊಂಡಿದ್ದರು. ಕ್ಯಾಮೆರಾ ನೆನಪಿಟ್ಟುಕೊಳ್ಳುತ್ತದೆ ಎಂದು ಮನಸ್ಸು ತನ್ನ ಹೊರೆ ಇಳಿಸಿಬಿಡುತ್ತದೆ. ಅದೇ ಅಧ್ಯಯನದ ಇನ್ನೊಂದು ಅಂಶವನ್ನು ಜನ ಅಷ್ಟಾಗಿ ಹೇಳುವುದಿಲ್ಲ: ವಸ್ತುವಿನ ಒಂದು ಭಾಗವನ್ನು ಹತ್ತಿರಕ್ಕೆ ಎಳೆದು ಫೋಟೊ ತೆಗೆದವರಲ್ಲಿ ನೆನಪು ಕುಂದಿರಲಿಲ್ಲ. ಗಮನವಿಟ್ಟು ಪ್ರತಿ ತೆಗೆಯುವುದಕ್ಕೂ ಪುಟ ಮಗುಚುತ್ತ ತೆಗೆಯುವುದಕ್ಕೂ ಇಷ್ಟು ಅಂತರವಿದೆ. 2018ರಲ್ಲಿ ಅತಾಸೊಯ್ ಮತ್ತು ಮೋರ್‌ವೆಜ್ ಎಂಬ ಸಂಶೋಧಕರು, ಒಂದೇ ವಸ್ತುವಿನ ಡಿಜಿಟಲ್ ರೂಪಕ್ಕೆ ಜನ ಭೌತಿಕ ರೂಪಕ್ಕಿಂತ ಕಡಿಮೆ ಬೆಲೆ ಕಟ್ಟುತ್ತಾರೆ, ಕೈಯಲ್ಲಿ ಹಿಡಿಯಲಾಗದ್ದು ತಮ್ಮದೆಂದು ಅನ್ನಿಸುವುದು ಕಡಿಮೆ ಎಂದು ತೋರಿಸಿದರು. ಹಾಗಾಗಿ ನಿಮ್ಮದು ಹಠವೆಂದು ನಾನು ಹೇಳಲಾರೆ.

ನನಗೆ ಕಂಡಂತೆ ಇದರಲ್ಲಿ ಮನೆಯ ರೂಢಿಯದೂ ಒಂದು ಪಾಲಿದೆ. ಆಲ್ಬಂ ಇದ್ದದ್ದು ನಡುಮನೆಯ ಒಂದು ಗೊತ್ತಾದ ಜಾಗದಲ್ಲಿ. ನೆಂಟರು ಬಂದು ಊಟ ಮುಗಿದ ಮೇಲೆ ಯಾರೋ ಅದನ್ನು ಎಳೆದು ತರುತ್ತಿದ್ದರು, ನಾಲ್ಕು ಜನ ಒಟ್ಟಿಗೆ ಬಗ್ಗಿ ನೋಡುತ್ತಿದ್ದರು, "ಇದು ನಮ್ಮ ದೊಡ್ಡಮ್ಮನ ಮದುವೆ, ಪಕ್ಕದಲ್ಲಿರುವವರು ಬಾಳೂರು ಚಿಕ್ಕಪ್ಪ" ಎಂಬ ಮಾತು ಆಗಲೇ ಬರುತ್ತಿತ್ತು. ಫೋನು ಒಬ್ಬರ ಸ್ವತ್ತು. ಅದರಲ್ಲಿ ನೂರಾರು ಚಿತ್ರಗಳು ಐಎಂಜಿ ಎಂದು ಆರಂಭವಾಗುವ ಸಂಖ್ಯೆಗಳ ಹೆಸರಿನಲ್ಲಿ, ಮಸಾಲೆಪುಡಿಯ ಬಿಲ್ಲು ಮತ್ತು ಶುಭೋದಯದ ಸಂದೇಶಗಳ ನಡುವೆ ಬಿದ್ದಿರುತ್ತವೆ. ಅವನ್ನು ನೋಡಲು ನೆವವೇ ಹುಟ್ಟುವುದಿಲ್ಲ, ನೋಡದಿದ್ದರೆ ಹೇಳುವವರ ಮಾತೂ ಹುಟ್ಟುವುದಿಲ್ಲ. ಚಿತ್ರ ಕಳೆಯುವುದಕ್ಕಿಂತ ಬಹಳ ಮೊದಲು ಚಿತ್ರದಲ್ಲಿರುವವರ ಹೆಸರು ಕಳೆಯುತ್ತದೆ. ಅದನ್ನು ಬಲ್ಲವರು ಈಗ ಬಹುಶಃ ನೀವೊಬ್ಬರೇ. ಮಗ ಮುಂದಿನ ಸಲ ಬಂದಾಗ ಆಲ್ಬಂ ಮುಂದಿಟ್ಟುಕೊಂಡು ನೀವು ಹೇಳುತ್ತ ಹೋಗಿ, ಅವರು ಫೋನಿನಲ್ಲಿ ದನಿ ಮುದ್ರಿಸಿಕೊಳ್ಳಲಿ. ಫೋನಿನಿಂದ ಆಗಬಹುದಾದ ನಿಜವಾದ ಉಪಕಾರ ಇದು.

ಎಲ್ಲವನ್ನೂ ವಿಲೇವಾರಿ ಮಾಡುವ ದಾರಿಯಲ್ಲಿ ಅತಿ ದೊಡ್ಡ ಅಪಾಯವಿರುವುದು ಜಮೀನಿನ ಕಾಗದಗಳಲ್ಲಿ. ಕ್ರಯಪತ್ರ, ಪಾಲುಪಟ್ಟಿ, ಸಾಗುವಳಿ ಚೀಟಿ, ಹಳೆಯ ಕೈಬರಹದ ಪಹಣಿ ಮತ್ತು ಕಂದಾಯ ರಸೀದಿಗಳ ಮೂಲವನ್ನು ಯಾವ ಕಾರಣಕ್ಕೂ ಬಿಡಬೇಡಿ. 30 ವರ್ಷ ದಾಟಿದ ದಸ್ತಾವೇಜಿನ ಮೂಲವು ಸೂಕ್ತ ಸುಪರ್ದಿನಿಂದ ಬಂದಿದ್ದರೆ ಅದರ ಸಹಿ ಮತ್ತು ಕೈಬರಹವನ್ನು ನ್ಯಾಯಾಲಯವು ನೈಜವೆಂದು ಭಾವಿಸಬಹುದೆಂಬ ಹಳೆಯ ನಿಯಮ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಮುಂದುವರಿದಿದೆ. ಆ ಅನುಕೂಲ ಫೋನಿನ ಸ್ಕ್ಯಾನಿಗೆ ಇರುವುದಿಲ್ಲ. ಉಯಿಲನ್ನು ವಿದ್ಯುನ್ಮಾನ ರೂಪದಲ್ಲಿ ಮಾಡುವುದಕ್ಕೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಅವಕಾಶ ಕೊಟ್ಟಿಲ್ಲ. ಡಿಜಿಲಾಕರ್‌ನಲ್ಲಿಯೂ ಇಲಾಖೆಯೇ ನೇರವಾಗಿ ನೀಡಿದ ದಾಖಲೆಗೆ ಮೂಲದ ಮಾನ್ಯತೆ ಇದೆಯೇ ಹೊರತು ನಾವು ಸ್ಕ್ಯಾನ್ ಮಾಡಿ ಏರಿಸಿದ್ದಕ್ಕಿಲ್ಲ. ನಿಮ್ಮ ಕಾಗದಗಳಲ್ಲಿ ಯಾವುದಕ್ಕೆ ಎಷ್ಟು ತೂಕ ಎಂಬುದನ್ನು ಒಬ್ಬ ವಕೀಲರಿಗೆ ತೋರಿಸಿ ತಿಳಿದುಕೊಳ್ಳುವುದು ಒಳ್ಳೆಯದು.

ಕ್ಯಾಸೆಟ್ಟುಗಳ ವಿಷಯದಲ್ಲಿ ನನ್ನ ಸಲಹೆ ಪೂರ್ತಿ ತಿರುವುಮುರುವು. ಅಲ್ಲಿ ಕಾಪಾಡಬೇಕಾದದ್ದು ನಿಮ್ಮ ತಾಯಿಯ ದನಿ; ಅದನ್ನು ಹೊತ್ತ ಟೇಪು ಸವೆಯುತ್ತಿದೆ, ನುಡಿಸುವ ಯಂತ್ರಗಳೂ ಕಾಣೆಯಾಗುತ್ತಿವೆ. ಎಲ್ಲವನ್ನೂ ಸ್ಕ್ಯಾನ್ ಮಾಡಿದ ಮಗ ಎಲ್ಲಕ್ಕಿಂತ ಅವಸರದ್ದನ್ನೇ ಬಿಟ್ಟಿದ್ದಾರೆ. ಮೊದಲು ಪ್ರತಿ ಕ್ಯಾಸೆಟ್ಟಿನ ಮೇಲಂಚಿನಲ್ಲಿರುವ ಎರಡು ಪುಟ್ಟ ಪ್ಲಾಸ್ಟಿಕ್ ತುಂಡುಗಳನ್ನು ಮುರಿದುಬಿಡಿ; ಆಮೇಲೆ ಯಾರೂ ಅಕಸ್ಮಾತ್ತಾಗಿ ರೆಕಾರ್ಡ್ ಗುಂಡಿ ಒತ್ತಿ ಹಾಡನ್ನು ಅಳಿಸಲಾರರು. ಸುರುಳಿಯ ಮೇಲೆ ಬಿಳಿಯ ಪುಡಿ ಕಂಡರೆ ಅದು ಬೂಷ್ಟು, ಅಂತಹದನ್ನು ಮನೆಯ ಟೇಪ್ ರೆಕಾರ್ಡರಿನಲ್ಲಿ ಹಾಕಲೇಬೇಡಿ. ಟೇಪು ಹರಿಯಬಹುದು, ಯಂತ್ರದ ಹೆಡ್ ಮೂಲಕ ಉಳಿದ ಕ್ಯಾಸೆಟ್ಟುಗಳಿಗೂ ಹರಡಬಹುದು. ಧ್ವನಿ ವರ್ಗಾವಣೆ ಬಲ್ಲವರ ಕೈಗೆ ಕೊಟ್ಟು, ಕುಗ್ಗಿಸದ ವೇವ್ (WAV) ಧ್ವನಿ ಕಡತವಾಗಿ ಪಡೆದು, ಆರಂಭದಿಂದ ಕೊನೆಯವರೆಗೆ ಕೇಳಿ ನೋಡಿ.

ಫೋಟೊಗಳಲ್ಲಿ ಕಪ್ಪು-ಬಿಳುಪಿನವು ಬೆಳ್ಳಿಯ ಕಣಗಳಿಂದಾದವು, ಒಣಗಿದ ಜಾಗದಲ್ಲಿದ್ದರೆ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಇರುತ್ತವೆ. ಎಪ್ಪತ್ತು-ಎಂಬತ್ತರ ದಶಕದ ಬಣ್ಣದ ಪ್ರಿಂಟುಗಳು ಕೆಂಪಾಗುತ್ತ ಹೋಗುವುದು ಅವುಗಳ ವರ್ಣದ್ರವ್ಯದ ಗುಣ; ಅವುಗಳನ್ನು ಫ್ಲ್ಯಾಟ್‌ಬೆಡ್ ಸ್ಕ್ಯಾನರಿನಲ್ಲಿ ಕನಿಷ್ಠ 600 ಡಿಪಿಐಗೆ ಬೇಗ ಮಾಡಿಸಬೇಕು. ಪಾರದರ್ಶಕ ಹಾಳೆ ಎತ್ತಿ ಅಂಟಿನ ಪುಟಕ್ಕೆ ಒತ್ತುವ ಮಾದರಿಯ ಆಲ್ಬಂ ಇದ್ದರೆ ಅದರಿಂದ ಚಿತ್ರಗಳನ್ನು ಬಲವಂತದಿಂದ ಕೀಳದೆ, ಇಡೀ ಪುಟದ ಚಿತ್ರ ತೆಗೆದುಕೊಂಡು ನಿಧಾನವಾಗಿ ಬಿಡಿಸಬೇಕು. ನೆಗೆಟಿವ್‌ಗಳ ಕವರು ತೆರೆದಾಗ ವಿನೆಗರ್‌ನಂತಹ ಹುಳಿ ವಾಸನೆ ಬಂದರೆ ಅವುಗಳನ್ನು ಕೂಡಲೇ ಬೇರೆ ಇಡಿ, ಆ ಕೊಳೆತ ಒಂದರಿಂದ ಒಂದಕ್ಕೆ ದಾಟುತ್ತದೆ.

ಇಷ್ಟಾದ ಮೇಲೂ ಬಿಡಬಹುದಾದದ್ದು ಸಾಕಷ್ಟಿದೆ, ಬಿಡುವುದರಲ್ಲಿ ಅಪಚಾರವೇನಿಲ್ಲ. ನೆನಪಿನ ವಸ್ತುವಿನ ಫೋಟೊ ಇಟ್ಟುಕೊಂಡರೆ ಅದನ್ನು ದಾನ ಮಾಡುವುದು ಜನರಿಗೆ ಸುಲಭವಾಗುತ್ತದೆ ಎಂದು 2017ರ ಒಂದು ಅಧ್ಯಯನ ತೋರಿಸಿದೆ. ನನ್ನ ಅನುಭವವೂ ಹಾಗೆಯೇ ಹೇಳುತ್ತದೆ. ಅಚ್ಚಾದ ಸುತ್ತೋಲೆಗಳು, ಎರಡೆರಡು ಪ್ರತಿಗಳು, ಗೊಬ್ಬರದ ಅಂಗಡಿಯ ಬಿಲ್ಲುಗಳು ಹೋಗಲಿ. ಕಾಫಿ ಬೋರ್ಡಿನ ಪತ್ರಗಳಲ್ಲಿ, ಬೆಳೆಗಾರರು ಬೆಳೆಯನ್ನೆಲ್ಲ ಬೋರ್ಡಿನ ಪೂಲ್‌ಗೆ ಒಪ್ಪಿಸಿ ಕಂತಿನಲ್ಲಿ ಹಣ ಪಡೆಯುತ್ತಿದ್ದ ಕಾಲದವನ್ನು ಮಾತ್ರ ಆರಿಸಿ ಇಡಿ, ಆ ಪದ್ಧತಿ ತೊಂಬತ್ತರ ದಶಕದಲ್ಲಿ ಮುಗಿದ ಮೇಲೆ ಅಂತಹ ಕಾಗದ ಮನೆಗಳಲ್ಲಿ ಅಪರೂಪವಾಗುತ್ತಿದೆ. ಚೆಕ್‌ರೋಲುಗಳನ್ನೂ ಮಳೆ ಲೆಕ್ಕವನ್ನೂ ಬಿಡಬೇಡಿರೆಂದು ನಾನು ಕೇಳಿಕೊಳ್ಳುತ್ತೇನೆ. ತೋಟದ ಆಳುಗಳ ಲೈನ್ ಮನೆಗಳಲ್ಲಿ ಬದುಕಿ ಹೋದ ಎಷ್ಟೋ ಜನರ ಹೆಸರು ಬರಹದಲ್ಲಿ ಉಳಿದಿರುವುದು ಬಹುಶಃ ಆ ಪುಸ್ತಕದಲ್ಲಿ ಮಾತ್ರ. ಅದೇ ಕಾರಣಕ್ಕೆ ಅವುಗಳ ಸ್ಕ್ಯಾನನ್ನು ಕುಟುಂಬದ ಗುಂಪುಗಳಲ್ಲಿ ಹಂಚುವುದು ಸರಿಯಲ್ಲ. ಯಾರ ಅಜ್ಜ ಎಷ್ಟು ಸಾಲದಲ್ಲಿದ್ದರೆಂಬುದು ಅದರಲ್ಲಿದೆ. ಮನೆಯಲ್ಲಿ ಇಟ್ಟುಕೊಳ್ಳಲಾಗದಿದ್ದರೆ ಕರ್ನಾಟಕ ರಾಜ್ಯ ಪತ್ರಾಗಾರ ಇಲಾಖೆಯನ್ನು ಅಥವಾ ಹತ್ತಿರದ ವಿಶ್ವವಿದ್ಯಾಲಯದ ಇತಿಹಾಸ ವಿಭಾಗವನ್ನು ವಿಚಾರಿಸಬಹುದು. ಕೊಟ್ಟ ಮೇಲೆ ಅದು ನಿಮ್ಮ ಕೈಯಲ್ಲಿರುವುದಿಲ್ಲ, ಅವರು ಆಯ್ದು ತೆಗೆದುಕೊಳ್ಳುತ್ತಾರೆ ಎಂಬುದು ತಿಳಿದಿರಲಿ. ಷರತ್ತುಗಳನ್ನು ಬರಹದಲ್ಲಿ ಪಡೆಯಿರಿ.

ಈ ಕೆಲಸವನ್ನು ಮಳೆಗಾಲದಲ್ಲಿ ಆರಂಭಿಸಬೇಡಿ. ಕಾಫಿ ಕುಯ್ಲು ಮುಗಿದು ಕಣ ಖಾಲಿಯಾಗುವ ಫೆಬ್ರವರಿಯ ಹೊತ್ತಿಗೆ ಗಾಳಿ ಒಣಗಿರುತ್ತದೆ, ಕಾಗದವೂ ತೇವ ಬಿಟ್ಟಿರುತ್ತದೆ. ಅಲ್ಲಿಯವರೆಗೆ ಮಾಡಬೇಕಾದದ್ದು ಟ್ರಂಕನ್ನು ಕೆಳಗಿಳಿಸಿ ಒಣ ಹವೆಯ ದಿನಗಳಲ್ಲಿ ಮುಚ್ಚಳ ತೆರೆದಿಡುವುದು ಮತ್ತು ಕ್ಯಾಸೆಟ್ಟುಗಳನ್ನು ಮಗನ ಜೊತೆ ಬೆಂಗಳೂರಿಗೆ ಕಳಿಸುವುದು. ಬಸ್ಸಿನ ಲಗೇಜಿನಲ್ಲಿ ಹಾಕದೆ ಕೈಚೀಲದಲ್ಲೇ ಒಯ್ಯುವಂತೆ ಹೇಳಿ.